ಕುರಿಗಳ ಲೆಕ್ಕ, ಮಕ್ಕಳ ಲೆಕ್ಕ

ಬೈಬಲಿನ ಯೋಬನು ತನ್ನ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡ ಮನುಷ್ಯ. ಸಾವಾದ ಮನೆಯಲ್ಲಿ ಅವನ ಪುಸ್ತಕದ ಕೊನೆಯ ಅಧ್ಯಾಯವನ್ನು ಓದುವವರು ಹೆಚ್ಚಾಗಿ ಒಂದೇ ಕಡೆ ಒತ್ತು ಕೊಡುತ್ತಾರೆ: ದೇವರು ಅವನಿಗೆ ಮೊದಲಿದ್ದದ್ದರ ಎರಡರಷ್ಟು ಕೊಟ್ಟನು. ನಾನು ಆ ಅಧ್ಯಾಯವನ್ನು ಮೊದಲನೆಯ ಅಧ್ಯಾಯದ ಜೊತೆಗಿಟ್ಟು ಓದಿದೆ. ಮೊದಲು 7,000 ಕುರಿಗಳಿದ್ದವು, ಕೊನೆಗೆ 14,000. ಒಂಟೆಗಳು 3,000 ಇದ್ದದ್ದು 6,000 ಆದವು. ಎತ್ತುಗಳು 500 ಜೋಡಿಯಿಂದ 1,000 ಜೋಡಿ, ಹೆಣ್ಣು ಕತ್ತೆಗಳು 500ರಿಂದ 1,000. ಎಲ್ಲವೂ ಸರಿಯಾಗಿ ಇಮ್ಮಡಿ. ಮಕ್ಕಳು ಮಾತ್ರ ಮೊದಲು ಏಳು ಗಂಡು ಮೂರು ಹೆಣ್ಣು, ಕೊನೆಗೂ ಏಳು ಗಂಡು ಮೂರು ಹೆಣ್ಣು. ಇಪ್ಪತ್ತು ಆಗಲಿಲ್ಲ.

ನನ್ನ ಯಜಮಾನರು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಆಮೇಲಿನ ವರ್ಷಗಳನ್ನು ನಾನು ದಾಟಿದ್ದು ಈ ಲೆಕ್ಕವನ್ನು ಹಿಡಿದುಕೊಂಡು. ಕುರಿ ಹೋದರೆ ಬೇರೆ ಕುರಿ ಬರುತ್ತದೆ. ಮಗ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಮಗ ಬರಲಾರ. ಯೋಬನ ಮೊದಲ ಹತ್ತು ಮಕ್ಕಳು ದೇವರ ಬಳಿಯಲ್ಲಿ ಇದ್ದೇ ಇದ್ದರು, ಆದ್ದರಿಂದ ಅವರ ಎಣಿಕೆಯನ್ನು ಇಮ್ಮಡಿ ಮಾಡುವ ಅಗತ್ಯ ಬೀಳಲಿಲ್ಲ ಎಂದು ವಿಶ್ವಾಸಿಗಳು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ನಾನೂ ಅದನ್ನೇ ನಂಬುತ್ತೇನೆ. ಕಳೆದದ್ದನ್ನೆಲ್ಲ ದೇವರು ಒಂದೇ ರೀತಿಯಲ್ಲಿ ತಿರುಗಿ ಕೊಡುವುದಿಲ್ಲ. ಕೆಲವನ್ನು ಈ ಲೋಕದಲ್ಲಿ, ಜನರ ಕೈಯಿಂದ ಕೊಡಿಸುತ್ತಾನೆ. ಕೆಲವನ್ನು ಪುನರುತ್ಥಾನದ ದಿನಕ್ಕೆ ಇಟ್ಟಿದ್ದಾನೆ. ಈ ಎರಡನ್ನೂ ಒಂದರೊಳಗೊಂದು ಕಲಸಿದರೆ ದುಃಖದಲ್ಲಿರುವ ಮನುಷ್ಯ ದೇವರನ್ನೂ ದೂರುತ್ತಾನೆ, ತನ್ನನ್ನೂ ಸುಟ್ಟುಕೊಳ್ಳುತ್ತಾನೆ.

ನಾವು ಗದಗ-ಬೆಟಗೇರಿಯವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ನೆಲೆ ಮಾಡಿದ್ದು 1841ರಲ್ಲಿ. ನಮ್ಮ ಮನೆತನ ಕ್ರಿಸ್ತನನ್ನು ಅರಿತದ್ದು ಆ ಮಿಷನ್ನಿನ ಮೂಲಕ. ಯಜಮಾನರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಟಂಟಂನಲ್ಲಿ ಹೇರಿಕೊಂಡು ಬರುತ್ತಿದ್ದರು. ಯಜಮಾನರು ತೀರಿಕೊಂಡಾಗ ಲಾಕ್‌ಡೌನ್ ಇತ್ತು, ದೇವಾಲಯಕ್ಕೆ ಬೀಗ ಬಿದ್ದಿತ್ತು. ಮಣ್ಣಿಗೆ ಹೋದವರು ಬೆರಳೆಣಿಕೆಯ ಜನ. ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಮೈತುಂಬ ರಕ್ಷಣಾ ಕವಚ ತೊಟ್ಟು ಪ್ರಾರ್ಥನೆ ಮಾಡಿದರು. ನನಗೂ ಸೋಂಕು ತಗಲಿದ್ದರಿಂದ ಮನೆಯಲ್ಲೇ ಮಲಗಿದ್ದೆ; ಮಗ ಮೊಬೈಲಿನಲ್ಲಿ ತೋರಿಸಿದ.

ಆ ದಿನಗಳಲ್ಲಿ ನನಗೆ ಬಂದ ಸಂದೇಶಗಳಲ್ಲಿ ಹೆಚ್ಚಿನವು ಪ್ರವಾದಿ ಯೋವೇಲನ ಪುಸ್ತಕದ ಎರಡನೆಯ ಅಧ್ಯಾಯದ 25ನೆಯ ವಚನವೇ: ಮಿಡತೆಗಳು ತಿಂದುಬಿಟ್ಟ ವರ್ಷಗಳನ್ನು ದೇವರು ತುಂಬಿಕೊಡುವನು ಎಂಬ ವಾಗ್ದಾನ. ಕಳುಹಿಸಿದವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ವಚನವೊಂದನ್ನೇ ಓದಿದರೆ ಅದು ನಾಳೆ ಬೆಳಗಾಗುವಷ್ಟರಲ್ಲಿ ನಡೆಯುವ ಅದ್ಭುತವೆಂದು ತೋರುತ್ತದೆ. ನಾನು ಅಧ್ಯಾಯವನ್ನು ಮೊದಲಿನಿಂದ ಓದಿದೆ. 12ನೆಯ ವಚನದಲ್ಲಿ ಉಪವಾಸವಿದೆ, ಅಳು ಇದೆ, ಗೋಳಾಟವಿದೆ. ಬಟ್ಟೆಯನ್ನು ಬಿಟ್ಟು ಹೃದಯವನ್ನೇ ಹರಿದುಕೊಳ್ಳಿರಿ ಎಂಬ ಕರೆ ಅದರ ಬೆನ್ನಿಗೇ ಬರುತ್ತದೆ. (ಅಲ್ಲಿ ಅದು ಪಶ್ಚಾತ್ತಾಪದ ಕರೆ. ಆದರೂ ದೇವರ ಮುಂದೆ ಅಳುವುದಕ್ಕೆ ಅದು ಬಾಗಿಲು ತೆರೆದಿಟ್ಟಿದೆ.) 23ರಲ್ಲಿ ಮಳೆಯಾಗುತ್ತದೆ, ಮುಂಗಾರು ಮತ್ತು ಹಿಂಗಾರು. 24ರಲ್ಲಿ ಕಣ ತುಂಬುತ್ತದೆ. ವರ್ಷಗಳ ಮಾತು ಬರುವುದು ಅದಾದ ಮೇಲೆ.

ನಮ್ಮ ಸೀಮೆಯ ಎರೆಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಒಂದು ವರ್ಷ ಪೂರ್ತಿ ಬೆಳೆ ಹೋದರೆ ಆ ನಷ್ಟ ಮುಂದಿನ ಒಂದೇ ಸುಗ್ಗಿಯಲ್ಲಿ ತುಂಬುವುದಿಲ್ಲ. ಸಾಲ ತೀರಿ, ಬಿತ್ತನೆಗೆ ಬೀಜ ಉಳಿದು, ಮನೆಯಲ್ಲಿ ಮತ್ತೆ ಕಾಳಿನ ಚೀಲ ಕಾಣಬೇಕಾದರೆ ಮಳೆಯ ಮೇಲೆ ಮಳೆ ಆಗಬೇಕು. ದೇವರು ವರ್ಷಗಳನ್ನು ವರ್ಷಗಳ ಮೂಲಕವೇ ತುಂಬುತ್ತಾನೆ ಎಂದು ತಿಳಿದ ಮೇಲೆ ನಾನು ಅವಸರ ಬಿಟ್ಟೆ.

ಅಂಗಡಿಯ ಖಾತೆ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಎದುರುಬದುರಿನ ಎರಡು ಪುಟ ತೆಗೆದುಕೊಂಡು ಎಡಗಡೆಗೆ ‘ಕುರಿಗಳು’, ಬಲಗಡೆಗೆ ‘ಮಕ್ಕಳು’ ಎಂದು ತಲೆಬರಹ ಹಾಕಿದೆ. ಎಡ ಪುಟದಲ್ಲಿ ಅಂಗಡಿಯ ಬಾಡಿಗೆ, ರೈತರಿಂದ ಬರಬೇಕಾದ ಬಾಕಿ, ತಾಮ್ರದ ತಂತಿಯ ವ್ಯಾಪಾರಿಗೆ ಕೊಡಬೇಕಾದದ್ದು, ಮಗಳ ಬಿ.ಎಡ್. ಶುಲ್ಕ, ಮನೆ ಸಾಲದ ಕಂತು, ರಾತ್ರಿಯ ಭಯ. ಬಲ ಪುಟದಲ್ಲಿ ಅವರ ದನಿ, ಆರಾಧನೆಯಲ್ಲಿ ನನ್ನ ಹಿಂದಿನಿಂದ ಕೇಳಿಸುತ್ತಿದ್ದ ಅವರ ತಗ್ಗು ಸ್ವರದ ಹಾಡು, ಮಗಳ ಮದುವೆಯ ದಿನ ಅವರು ಇರುವುದು. ಅವರು ನನ್ನ ಸೋದರತ್ತೆಯ ಮಗ. ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದ ನನ್ನನ್ನು ಬಲ್ಲ ಮನುಷ್ಯ. ಅದನ್ನೂ ಬಲಗಡೆಗೇ ಬರೆದೆ. ಸಂಜೆ ಚಹಾದ ಹೊತ್ತಿನ ಮಾತನ್ನು ಯಾವ ಪುಟಕ್ಕೆ ಹಾಕಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಕೊನೆಗೆ ಎರಡೂ ಕಡೆ ಬರೆದೆ.

ಎಡ ಪುಟದ್ದಕ್ಕೆ ಪ್ರಾರ್ಥಿಸಿ ಎದ್ದು ಹೋಗಬೇಕು, ಬಲ ಪುಟದ್ದಕ್ಕೆ ಪ್ರಾರ್ಥಿಸಿ ಕುಳಿತಿರಬೇಕು. ನಾನು ಇಟ್ಟುಕೊಂಡ ನೇಮ ಇಷ್ಟೇ.

ಮೊದಲು ಎದ್ದು ಹೋದದ್ದು ಬ್ಯಾಂಕಿಗೆ. ಅದಕ್ಕೂ ಮುಂಚೆ ಅವರ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿದ್ದೆ. 2020ರ ಮೇ ತಿಂಗಳ ಕೊನೆಯಲ್ಲಿ 330 ರೂಪಾಯಿ ಕಡಿತವಾದ ಒಂದು ಸಾಲು ಕಣ್ಣಿಗೆ ಬಿತ್ತು. ವಿಚಾರಿಸಿದಾಗ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು ಎಂದು ತಿಳಿಯಿತು. ಜೂನ್ 1ರಿಂದ ಮರುವರ್ಷದ ಮೇ 31ರ ತನಕ 2 ಲಕ್ಷ ರೂಪಾಯಿಯ ವಿಮೆ. ಅವರು ಮನೆಯಲ್ಲಿ ಅದರ ಮಾತೆತ್ತಿರಲಿಲ್ಲ; ಯಾವಾಗಲೋ ಸಹಿ ಹಾಕಿ ಮರೆತಿರಬೇಕು. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಅರ್ಜಿ ನಮೂನೆ, ಇವಿಷ್ಟನ್ನು ಕೊಟ್ಟು ಕಾದೆ. ಹಣ ಬಂತು. ಅದೇ ವರ್ಷ ಕೊರೊನಾದಿಂದ ತೀರಿಕೊಂಡವರ ಕುಟುಂಬಗಳಿಗೆ 50,000 ರೂಪಾಯಿ ಪರಿಹಾರ ಪ್ರಕಟವಾದಾಗ ಅದಕ್ಕೂ ಅರ್ಜಿ ಹಾಕಿದೆ. ಆರ್‌ಟಿಪಿಸಿಆರ್ ವರದಿಯನ್ನು ಮಗ ಜೋಪಾನವಾಗಿ ಇಟ್ಟಿದ್ದ. ಕಾಗದಪತ್ರಗಳ ಮಾತನ್ನು ವಿಶ್ವಾಸದ ಬರಹದಲ್ಲಿ ಏಕೆ ತಂದೆ ಎಂದು ಯಾರಾದರೂ ಕೇಳಬಹುದು. ವಿಧವೆಯರ ಅಂಗಳದಲ್ಲಿ ದೇವರ ಕೆಲಸ ಬಹಳ ಸಲ ಝೆರಾಕ್ಸ್ ಪ್ರತಿಗಳ ರೂಪದಲ್ಲೇ ಬರುತ್ತದೆ. ಅದನ್ನು ಕೀಳಾಗಿ ಕಾಣುವ ಭಕ್ತಿಯ ಮೇಲೆ ನನಗೆ ನಂಬಿಕೆಯಿಲ್ಲ.

ಅಂಗಡಿಯನ್ನು ಮಾರಿಬಿಡು ಎಂದವರೇ ಹೆಚ್ಚು. ಅಲ್ಲಿ ಯಜಮಾನರ ಜೊತೆ ಬಹುಕಾಲ ದುಡಿದ ಒಬ್ಬರಿದ್ದರು, ನಮ್ಮ ಸಭೆಯವರಲ್ಲ, ಬೆಟಗೇರಿಯ ನೇಕಾರರ ಮನೆಯವರು. “ಅಕ್ಕಾ, ನೀವು ಗಲ್ಲೆಯ ಮೇಲೆ ಕುಳಿತರೆ ಸಾಕು, ಕೈಕೆಲಸ ನಾನು ನೋಡಿಕೊಳ್ಳುತ್ತೇನೆ” ಎಂದರು. ಗಲ್ಲೆಯ ಮೇಲೆ ಕುಳಿತವಳು ಒಂದೊಂದಾಗಿ ಕೆಲಸವನ್ನೂ ಕಲಿತೆ. ಮೋಟಾರು ಬಿಚ್ಚಿದಾಗ ಸುಟ್ಟ ವೈಂಡಿಂಗಿನ ಕಮಟು ವಾಸನೆ ಮೂಗಿಗೆ ಅಡರುತ್ತದೆ. ಕರಿಹಿಡಿದ ಸುರುಳಿಗಳನ್ನು ಕತ್ತರಿಸಿ ತೆಗೆಯಬೇಕು. ತೆಗೆಯುವಾಗ ಒಂದು ಸುರುಳಿಯಲ್ಲಿ ಎಷ್ಟು ಸುತ್ತುಗಳಿದ್ದವೆಂದು ಎಣಿಸಿ, ತಂತಿಯ ದಪ್ಪ, ಅಂದರೆ ಗೇಜ್ ಅಳೆದು ಬರೆದಿಟ್ಟುಕೊಳ್ಳಬೇಕು. ಲೆಕ್ಕ ತಪ್ಪಿದರೆ ಹೊಸ ತಾಮ್ರವೂ ಸುಡುತ್ತದೆ. ಖಾಲಿಯಾದ ಸ್ಲಾಟುಗಳಿಗೆ ಕಾಗದ ಹಾಕಿ, ಹೊಸ ಸುರುಳಿ ಕೂರಿಸಿ, ದಾರದಿಂದ ಬಿಗಿದು, ವಾರ್ನಿಷ್ ಕುಡಿಸಿ ಒಣಗಿಸಬೇಕು.

ಈ ಲೆಕ್ಕಗಳನ್ನೆಲ್ಲ ಯಜಮಾನರು ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾವ ಕಂಪನಿಯ ಮೋಟಾರು, ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಎಷ್ಟು ಸುತ್ತು, ಯಾವ ಗೇಜು. ಹಾಳೆಗಳ ಅಂಚಿಗೆಲ್ಲ ವಾರ್ನಿಷ್ ಅಂಟಿದ ಹೆಬ್ಬೆರಳ ಗುರುತುಗಳು. ಐದು ಎಂಬ ಅಂಕಿಯ ಬಾಲವನ್ನು ಅವರು ಉದ್ದಕ್ಕೆ ಎಳೆಯುತ್ತಿದ್ದರು. ಮೊದಮೊದಲು ಅದನ್ನು ನೋಡಿದರೆ ಮುಂದಿನ ಸಾಲು ಓದಲಾಗುತ್ತಿರಲಿಲ್ಲ. ಫೆಬ್ರುವರಿಯಿಂದ ಮೇ ತನಕ, ಬೋರ್‌ವೆಲ್ಲುಗಳು ಎಡೆಬಿಡದೆ ಓಡುವ ಕಾಲದಲ್ಲಿ, ಅಂಗಡಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅವರಿಲ್ಲದ ಮೊದಲ ಬೇಸಿಗೆಯಲ್ಲಿ ಆ ಪುಸ್ತಕವೇ ನಮ್ಮನ್ನು ನಡೆಸಿತು. ತೀರಿಕೊಂಡ ಮನುಷ್ಯನ ದುಡಿಮೆ ಅವನ ಹೆಂಡತಿ ಮಕ್ಕಳಿಗೆ ಅನ್ನವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಎಡ ಪುಟದ ಸಾಲುಗಳಿಗೆ ಒಂದೊಂದೇ ಗೀಟು ಬೀಳತೊಡಗಿತು.

ಗೀಟು ಹಾಕಿಸಿದವರು ಯಾರು ಎಂದು ನೋಡಿದರೆ ಮತ್ತೆ ಯೋಬನ ಬಳಿಗೇ ಹೋಗಬೇಕು. 42ನೆಯ ಅಧ್ಯಾಯದ 12ನೆಯ ವಚನದಲ್ಲಿ ಕುರಿಗಳ ಎಣಿಕೆ ಬರುವ ಮೊದಲು 11ನೆಯ ವಚನ ಇದೆ. ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮೊದಲು ಪರಿಚಯವಿದ್ದವರೆಲ್ಲ ಬಂದು ಅವನ ಮನೆಯಲ್ಲಿ ಊಟ ಮಾಡುತ್ತಾರೆ, ಸಂತೈಸುತ್ತಾರೆ, ಒಬ್ಬೊಬ್ಬರೂ ಒಂದು ಬೆಳ್ಳಿ ನಾಣ್ಯವನ್ನೂ ಒಂದು ಚಿನ್ನದ ಉಂಗುರವನ್ನೂ ಕೊಡುತ್ತಾರೆ. 14,000 ಕುರಿಗಳ ಹಿಂದೆ ಆ ಉಂಗುರಗಳಿದ್ದವು ಎಂದೇ ನನ್ನ ಓದು. ನನ್ನ ಮೈದುನ ಅಂಗಡಿಯ ಬಾಡಿಗೆಯನ್ನು ಸದ್ದಿಲ್ಲದೆ ಕಟ್ಟಿದ. ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರು ಸರದಿಯ ಮೇಲೆ ರೊಟ್ಟಿ, ಪುಂಡಿಪಲ್ಯ ತಂದು ಬಾಗಿಲ ಬಳಿ ಇಟ್ಟು ಹೋದರು. ತಂತಿಯ ವ್ಯಾಪಾರಿ ಬಾಕಿ ಕೇಳಲಿಲ್ಲ. ಬೇಡವೆನ್ನದೆ ಎಲ್ಲವನ್ನೂ ತೆಗೆದುಕೊಂಡೆ. ಯೋಬನಂಥ ದೊಡ್ಡ ಮನುಷ್ಯನೇ ಉಂಗುರ ಹಿಂದಿರುಗಿಸಲಿಲ್ಲ.

ಇನ್ನು ಬಲ ಪುಟ. ಅಲ್ಲಿ ಗೀಟು ಹಾಕುವಂತಿರಲಿಲ್ಲ.

ಆ ಪುಟಕ್ಕಾಗಿ ನಾನು ರಾತ್ರಿ ಪ್ರಲಾಪಗಳ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದ ಮೇಲಿನ ಗೋಳು ಅದು, ಐದೇ ಅಧ್ಯಾಯ. ದೇವರ ಕರುಣೆ ಪ್ರತಿದಿನ ಬೆಳಿಗ್ಗೆ ಹೊಸದಾಗಿ ಬರುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಕ್ಯಾಲೆಂಡರಿನಲ್ಲಿ, ಗೋಡೆಯ ಫಲಕದಲ್ಲಿ ನೋಡಿರುತ್ತಾರೆ. ಆ ಮಾತು ಇರುವುದು ಮೂರನೆಯ ಅಧ್ಯಾಯದಲ್ಲಿ, ಪುಸ್ತಕದ ನಟ್ಟನಡುವೆ. ಅಲ್ಲಿಗೆ ಅಳು ಮುಗಿಯುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಹಸಿದ ಕೂಸುಗಳು ಮತ್ತೆ ಬರುತ್ತವೆ, ಐದನೆಯದು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯಾ ಎಂಬ ನೋವಿನಲ್ಲಿ ನಿಲ್ಲುತ್ತದೆ. ಇದು ನನಗೆ ಎಷ್ಟು ದೊಡ್ಡ ಸಮಾಧಾನವಾಯಿತೆಂದು ಹೇಳಲಾರೆ. ಬೆಳಿಗ್ಗೆ ದೇವರ ಕರುಣೆಯನ್ನು ಕಂಡವಳು ಸಂಜೆ ಮತ್ತೆ ಅತ್ತರೆ ಬೆಳಗಿನ ವಿಶ್ವಾಸ ಸುಳ್ಳಾಗುವುದಿಲ್ಲ ಎಂದು ಪವಿತ್ರ ಗ್ರಂಥವೇ ನನಗೆ ಹೇಳಿತು. ಸತ್ತುಹೋಗಿದ್ದ ಲಾಜರನನ್ನು ಎಬ್ಬಿಸಲೆಂದೇ ಬೇಥಾನ್ಯಕ್ಕೆ ಬಂದ ಕರ್ತನಾದ ಯೇಸು, ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದು ಬರುವನೆಂದು ತಿಳಿದಿದ್ದರೂ, ಅವನ ಸಹೋದರಿ ಮರಿಯಳ ಅಳುವನ್ನು ಕಂಡು ಕಣ್ಣೀರು ಸುರಿಸಿದನು. ಅಪೊಸ್ತಲನಾದ ಪೌಲನೂ ಥೆಸಲೊನೀಕದವರಿಗೆ ದುಃಖಪಡಬೇಡಿರಿ ಎಂದಷ್ಟೇ ಬರೆದು ನಿಲ್ಲಿಸಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬಾರದು ಎಂದನು.

ಅಂಗಡಿ ಚೇತರಿಸಿಕೊಂಡ ಮೇಲೆ ಸಭೆಯ ಹಿರಿಯರೊಬ್ಬರು ಸಾಕ್ಷಿ ಹೇಳಬೇಕೆಂದು ಕೇಳಿದರು. ಕಳೆದುಕೊಂಡದ್ದನ್ನೆಲ್ಲ ದೇವರು ತಿರುಗಿ ಕೊಟ್ಟನೆಂದು ಹೇಳಿದರೆ ಜನರಿಗೆ ಧೈರ್ಯ ಬರುತ್ತದೆ ಎಂದರು. “ಅಣ್ಣಾ, ಅಂಗಡಿಯನ್ನು ಕೊಟ್ಟನೆಂದು ಹೇಳುತ್ತೇನೆ. ಅವರನ್ನು ಕೊಡುವನೆಂದು ಹೇಳುತ್ತೇನೆ. ಎರಡಕ್ಕೂ ಒಂದೇ ಮಾತು ಹೇಳಲಾರೆ” ಎಂದೆ. ಅವರು ಒಪ್ಪಿಕೊಂಡರು, ಹಾಗೆಯೇ ಹೇಳಿದೆ. ಆರಾಧನೆ ಮುಗಿದ ಮೇಲೆ ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಅವಳಿಗೆ ಆಮೇಲೆ ಇನ್ನೊಂದು ಮಗುವಾಗಿತ್ತು, ಎಲ್ಲರೂ ಈಗ ಸರಿಹೋಯಿತಲ್ಲ ಎನ್ನುತ್ತಿದ್ದರು.

ಮಗಳ ಮದುವೆಯ ದಿನ ಅವಳನ್ನು ವೇದಿಕೆಯ ತನಕ ಕರೆದುಕೊಂಡು ಹೋದವನು ಮೈದುನ. ಅವನ ನಡಿಗೆ ಅಣ್ಣನದೇ. ನಾನು ಒಂದೇ ಹೊತ್ತಿನಲ್ಲಿ ನಕ್ಕೆ, ಅತ್ತೆ. ಇದಕ್ಕೆ ನನ್ನನ್ನು ಮೊದಲೇ ಸಿದ್ಧಮಾಡಿದ್ದು ಎಜ್ರನ ಪುಸ್ತಕದ ಮೂರನೆಯ ಅಧ್ಯಾಯ. ಬಾಬೆಲಿನ ಸೆರೆಯಿಂದ ತಿರುಗಿ ಬಂದವರು ದೇವಾಲಯಕ್ಕೆ ಹೊಸದಾಗಿ ಅಸ್ತಿವಾರ ಹಾಕುತ್ತಾರೆ. ಮೊದಲಿನ ದೇವಾಲಯವನ್ನು ಕಣ್ಣಾರೆ ನೋಡಿದ್ದ ಮುದುಕರು ದೊಡ್ಡ ದನಿ ತೆಗೆದು ಅಳುತ್ತಾರೆ, ಉಳಿದವರು ಸಂತೋಷದಿಂದ ಆರ್ಭಟಿಸುತ್ತಾರೆ. ಯಾವುದು ಅಳು, ಯಾವುದು ಹರ್ಷ ಎಂದು ಜನರಿಗೆ ತಿಳಿಯಲಿಲ್ಲವಂತೆ. ಆ ಮುದುಕರನ್ನು ಯಾರೂ ಗದರಿಸಿದ್ದು ಕಾಣುವುದಿಲ್ಲ. ದೇವರು ಕಟ್ಟಿಕೊಡುವ ದಿನವೇ ಹಳೆಯ ಗಾಯ ಹೆಚ್ಚು ನೋಯಬಹುದು, ಅದು ಕೃತಘ್ನತೆಯಲ್ಲ ಎಂದು ನಾನು ಮಗಳಿಗೂ ಹೇಳಿಟ್ಟಿದ್ದೆ. ಅವಳು ಅಳುತ್ತಲೇ ಒಪ್ಪಿಗೆಯ ಮಾತುಗಳನ್ನು ಹೇಳಿದಳು.

ಬಲ ಪುಟದ ನಿರೀಕ್ಷೆ ನನಗೆ ಗಟ್ಟಿಯಾಗುವುದು ಈಸ್ಟರಿನಲ್ಲಿ. ಅಂದು ನಸುಕಿನಲ್ಲಿ ನಮ್ಮ ಸಭೆಯವರು ಸಮಾಧಿ ಭೂಮಿಯಲ್ಲಿ ಸೇರುತ್ತೇವೆ. ಹಿಂದಿನ ದಿನವೇ ಕಸ ಕಿತ್ತು, ಸುಣ್ಣ ಬಳಿದು, ಹೂವಿಟ್ಟಿರುತ್ತೇವೆ. ಕ್ರಿಸ್ತನು ಸತ್ತವರೊಳಗಿಂದ ಎದ್ದ ಪ್ರಥಮಫಲ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವನ್ನು ಅಯ್ಯನವರು ಓದುತ್ತಾರೆ. ಸುಗ್ಗಿ ಹಬ್ಬಕ್ಕೆ ಮೊದಲ ತೆನೆ ತಂದು ಒಪ್ಪಿಸುವ ರೈತನಿಗೆ ಹೊಲದಲ್ಲಿ ಉಳಿದ ಬೆಳೆ ನಿಂತಿದೆಯೆಂದು ಗೊತ್ತಿರುತ್ತದೆ. ಪೌಲನು ಹೇಳುವುದೂ ಅದನ್ನೇ. ಒಬ್ಬನು ಎದ್ದಿದ್ದಾನೆ, ಉಳಿದವರು ಸಾಲಿನಲ್ಲಿದ್ದಾರೆ. ನಾನು ಕಾಯುತ್ತಿರುವುದು ಯಜಮಾನರ ನೆನಪು ಮಾಸುವುದಕ್ಕಲ್ಲ, ಅವರನ್ನೇ ಕಾಣುವುದಕ್ಕೆ. ಎದ್ದು ಬಂದ ಕರ್ತನ ಕೈಗಳಲ್ಲಿ ಮೊಳೆಗಳ ಗುರುತು ಹಾಗೆಯೇ ಇತ್ತು, ನಂಬದಿದ್ದ ಶಿಷ್ಯ ತೋಮನಿಗೆ ಅದನ್ನು ತೋರಿಸಿದನು. ಆದ್ದರಿಂದ ನನ್ನ ಈ ವರ್ಷಗಳ ನೋವೂ ಅಲ್ಲಿ ಅಳಿಸಿಹೋಗದೆ, ವಾಸಿಯಾದ ಗುರುತಾಗಿ ಇರುತ್ತದೆ ಎಂದುಕೊಂಡಿದ್ದೇನೆ.

ಈಗ ಸಾವಾದ ಮನೆಗಳಿಗೆ ಹೋಗುವ ಕೆಲಸವನ್ನು ಅನ್ಯೋನ್ಯ ಕೂಟದವರು ನನಗೆ ವಹಿಸಿದ್ದಾರೆ. ಮೊದಲ ಭೇಟಿಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕುಳಿತಿದ್ದರು; ಅವರು ಮಾಡಿದ್ದರಲ್ಲಿ ಅತ್ಯುತ್ತಮವಾದದ್ದು ಅದೇ. ಓದಬೇಕೆಂದು ಕೇಳಿದರೆ ಇನ್ನೆಷ್ಟು ಕಾಲ ಎಂದು ದೇವರನ್ನು ಕೇಳುವ 13ನೆಯ ಕೀರ್ತನೆ ಓದುತ್ತೇನೆ, ಇಲ್ಲವೆ ಲಾಜರನ ಕಥೆ ಇರುವ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ. ಎಲ್ಲವೂ ಹಿತಕ್ಕಾಗಿಯೇ ಅನುಕೂಲವಾಗುತ್ತದೆ ಎಂಬ ರೋಮಾಪುರದವರ ಪತ್ರಿಕೆಯ ಮಾತು ಸತ್ಯ, ಆದರೆ ಅದನ್ನು ಮಣ್ಣು ಮಾಡಿ ಬಂದ ವಾರದಲ್ಲಿ ಹೇಳುವುದು ಬೇಡ ಎಂದು ಜೊತೆಗೆ ಬರುವವರಿಗೆ ಮೊದಲೇ ತಿಳಿಸುತ್ತೇನೆ. ಆ ಮಾತನ್ನು ದುಃಖಿಸುವವರೇ ಒಂದು ದಿನ ಹೇಳಬೇಕು. ದೇವರ ಮೇಲೆ ಸಿಟ್ಟು ತೋಡಿಕೊಂಡರೆ ತಡೆಯುವುದಿಲ್ಲ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ ಬೇತ್ಲೆಹೇಮಿಗೆ ತಿರುಗಿ ಬಂದು ಊರಿನ ಹೆಂಗಸರೆಲ್ಲರ ಮುಂದೆ, ಸರ್ವಶಕ್ತನು ನನ್ನ ಬದುಕನ್ನು ಕಹಿ ಮಾಡಿದನು ಎಂದಳು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಕೊನೆಗೆ ಸೊಸೆ ರೂತಳ ಕೂಸನ್ನು ಅವಳ ಮಡಿಲಲ್ಲಿ ಕಂಡು ದೇವರನ್ನು ಕೊಂಡಾಡಿದವರೂ ಅದೇ ಊರಿನ ಹೆಂಗಸರು.

ಮುಂದಿನ ಭೇಟಿಗಳಲ್ಲಿ ಪಾಸ್‌ಬುಕ್ ತೆಗೆಸುತ್ತೇನೆ. ವಿಮೆಯ ಕಂತಿನ ಸಾಲು ಇದೆಯೇ ಎಂದು ಜೊತೆಗೆ ಕುಳಿತು ನೋಡುತ್ತೇವೆ. ಆ ಕಂತು 2022ರ ಜೂನ್‌ನಿಂದ 436 ರೂಪಾಯಿ ಆಗಿದೆ. ಒಪ್ಪಿದರೆ ಎರಡು ಪುಟ ಬರೆಸುತ್ತೇನೆ. ವರ್ಷ ತಿರುಗಿದ ದಿನ, ಮದುವೆಯ ದಿನ, ಡಿಸೆಂಬರ್ 31ರ ರಾತ್ರಿಯ ಆರಾಧನೆ, ಇವು ಕಷ್ಟದ ದಿನಗಳು. ಆಗ ಕರೆಯದೆಯೂ ಹೋಗುತ್ತೇನೆ.

ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಚಿಕ್ಕ ವಯಸ್ಸಿನವಳೊಬ್ಬಳು ಬಲ ಪುಟಕ್ಕೆ ಏನೂ ಬರೆಯದೆ ನನ್ನ ಮುಖ ನೋಡಿದಳು. “ಅಕ್ಕಾ, ಅಲ್ಲಿ ಅವರು ನನ್ನನ್ನು ಗುರುತು ಹಿಡಿಯುತ್ತಾರೆಯೇ?” ಎಂದು ಕೇಳಿದಳು. ಮಗ್ದಲದ ಮರಿಯಳ ಕಥೆ ಹೇಳಿದೆ. ಸಮಾಧಿಯಿಂದ ಎದ್ದು ಬಂದು ತೋಟದಲ್ಲಿ ಎದುರಿಗೆ ನಿಂತ ಯೇಸುವನ್ನು ತೋಟಗಾರನೆಂದುಕೊಂಡವಳು ಅವಳು. ಅವನು ಅವಳ ಹೆಸರು ಹಿಡಿದು ಕರೆದನು, ಅವಳು ಗುರುತಿಸಿದಳು. “ನಿನ್ನ ಹೆಸರು ಅವರಿಗೆ ಗೊತ್ತಲ್ಲವೇ?” ಎಂದೆ. ಅವಳು ಪೆನ್ನು ಎತ್ತಿಕೊಂಡು ಬರೆದಳು. ಏನು ಬರೆದಳೆಂದು ನಾನು ನೋಡಲಿಲ್ಲ. ಆಮೇಲೆ ಎಡ ಪುಟಕ್ಕೆ ಬಂದು ವಿಧವಾ ವೇತನದ ಅರ್ಜಿಗೆ ಬೇಕಾದ ಕಾಗದಗಳನ್ನು ಒಟ್ಟುಮಾಡಿದೆವು. ಪಡಿತರ ಚೀಟಿಯಲ್ಲಿ ಹೆಸರು ತಿದ್ದಿಸಬೇಕಾಗಿದೆ, ಸೋಮವಾರ ಇಬ್ಬರೂ ಹೋಗುತ್ತೇವೆ.